ಪಾಕ ಬಂತಾ? ಗಡಿಯಾರ ಬಿಡಿ, ನೀರಿಗೆ ಹಾಕಿ ನೋಡಿ

ಸಂಕ್ರಾಂತಿಗೆ ಮುಂಬಯಿ ಪಕ್ಕದ ಡೊಂಬಿವಲಿ, ಠಾಣೆಯ ಕನ್ನಡದ ಮನೆಗಳನ್ನು ಸುತ್ತಿದರೆ ಎರಡು ಥರದ ಎಳ್ಳುಂಡೆ ಸಿಗುತ್ತವೆ. ಒಂದು, ಕೈಗೆತ್ತಿಕೊಂಡ ಕೂಡಲೇ ಉದುರುವುದು. ಇನ್ನೊಂದು, ಕಚ್ಚಿದರೆ ಹಲ್ಲೇ ಅಲ್ಲಾಡುವುದು. ಎಳ್ಳಿನ ತಪ್ಪೇನಿಲ್ಲ, ಪಾಕದ ಹದ ತಪ್ಪಿರುತ್ತದೆ. ಊರಿನಿಂದ ಅತ್ತೆ ಫೋನಿನಲ್ಲಿ ‘ಉಂಡೆ ಪಾಕ ಬರಲಿ’ ಅಂದಿರುತ್ತಾರೆ. ಪಕ್ಕದ ಮನೆಯ ಮರಾಠಿ ಕಾಕೂ ‘ಗೋಳಿಬಂದ್ ಪಾಕ್’ ಅಂದಿರುತ್ತಾರೆ. ಇಬ್ಬರೂ ಹೇಳಿದ್ದು ಒಂದೇ. ಉಂಡೆ ಮಾಡುವವಳು ಮಾತ್ರ ಮೊಬೈಲಿನ ವಿಡಿಯೊ ನೋಡಿ ಐದು ನಿಮಿಷ ಕುದಿಸಿ ಇಳಿಸಿರುತ್ತಾಳೆ! ಉರಿ ಬೇರೆ, ಬಾಣಲೆ ಬೇರೆ, ಬೆಲ್ಲ ಬೇರೆ. ನಿಮಿಷದ ಲೆಕ್ಕ ಎಲ್ಲಿಂದ ಸರಿಹೋಗಬೇಕು?

ಮೊದಲು ಬೆಲ್ಲ. ಇಲ್ಲಿಯ ಕಿರಾಣಿ ಅಂಗಡಿಗಳಲ್ಲಿ ಸಾದಾ ಗೂಳ್ ಬೇರೆ, ‘ಚಿಕ್ಕಿಚಾ ಗೂಳ್’ ಬೇರೆ. ಚಿಕ್ಕಿ ಬೆಲ್ಲಕ್ಕೆ ಅಂಟು ಜಾಸ್ತಿ. ಉಂಡೆಗೆ, ಚಿಕ್ಕಿಗೆ ಅದನ್ನೇ ತನ್ನಿ. ಹೋಳಿಗೆ ಹೂರಣಕ್ಕೆ ಮಾತ್ರ ಬೇಡ, ಜಿಗುಟಾಗುತ್ತದೆ. ಪ್ಯಾಕೆಟ್ಟಿನ ಬೆಲ್ಲದ ಪುಡಿಯನ್ನು ಚಹಾಕ್ಕೆ ಇಟ್ಟುಕೊಳ್ಳಿ. ನಾನಂತೂ ಅದರಲ್ಲಿ ಪಾಕ ಹಿಡಿಯುವುದಿಲ್ಲ.

ಒಂದು ಬಟ್ಟಲು ಬೆಲ್ಲಕ್ಕೆ ಕಾಲು ಬಟ್ಟಲು ನೀರು. ಕರಗಿದ ಮೇಲೆ ಸೋಸಿ, ಕಸ, ಮರಳು ಹೋಗಲಿ. ದಪ್ಪ ತಳದ ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಮತ್ತೆ ಇಡಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಧಾರವಾಡದ ಕಡೆ ಆಣ ಅನ್ನಿ, ಮೈಸೂರಿನ ಕಡೆ ಪಾಕ ಅನ್ನಿ, ನಡೆಯುವುದು ಇಷ್ಟೇ: ನೀರು ಆರುತ್ತಾ ಹೋಗುತ್ತದೆ, ಪಾಕದ ಬಿಸಿ ಏರುತ್ತಾ ಹೋಗುತ್ತದೆ. ಹಾಗಾಗಿ ಒಂದು ಹದ ದಾಟಿದರೆ ಮುಂದಿನ ಹದ ಬಹಳ ಬೇಗ ಬಂದುಬಿಡುತ್ತದೆ. ಶುರುವಿನಲ್ಲಿ ದೊಡ್ಡ ದೊಡ್ಡ ಗುಳ್ಳೆ, ಮೇಲೆಲ್ಲ ನೊರೆ. ಆಮೇಲೆ ಗುಳ್ಳೆ ಸಣ್ಣದಾಗಿ ಒತ್ತೊತ್ತಾಗುತ್ತದೆ. ಆಗಲೇ ನೋಡಲು ಶುರುಮಾಡಿ.

ಸೌಟಿನಿಂದ ಒಂದು ತೊಟ್ಟು ತೆಗೆದು, ಸ್ವಲ್ಪ ಆರಿದ ಮೇಲೆ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎಳೆಯಿರಿ. ಒಂದು ದಾರ ಕಡಿಯದೆ ನಿಂತರೆ ಒಂದೆಳೆ ಪಾಕ, ಮರಾಠಿಯವರ ಏಕ್‌ತಾರಿ. ಪಾಕದ ರವೆ ಉಂಡೆಗೆ, ಮೈಸೂರು ಪಾಕಿಗೆ ಇದು. ಸಕ್ಕರೆ ಪಾಕವಾದರೆ ಸುಮಾರು 105 ಡಿಗ್ರಿ ಸೆಲ್ಸಿಯಸ್. ಎಳ್ಳುಂಡೆಗೆ ಇದು ಸಾಲದು.

ಈಗ ಬಟ್ಟಲಲ್ಲಿ ನಲ್ಲಿ ನೀರು ಇಟ್ಟುಕೊಳ್ಳಿ. ಫ್ರಿಜ್ ನೀರು ಬೇಡ, ಹದ ಬಾರದ ಪಾಕವೂ ಅದರಲ್ಲಿ ಗಟ್ಟಿಯಾಗಿ ಮೋಸ ಮಾಡುತ್ತದೆ. ಒಂದು ತೊಟ್ಟು ಬಿಡುವ ಮೊದಲು ಗ್ಯಾಸ್ ಆರಿಸಿ. ಹೌದು, ಆರಿಸಿ. ನೀವು ಬಟ್ಟಲಲ್ಲಿ ಬೆರಳಾಡಿಸುತ್ತಾ ‘ಬಂತಾ, ಇಲ್ವಾ’ ಅಂತ ಯೋಚಿಸುವಷ್ಟರಲ್ಲಿ ಒಲೆಯ ಮೇಲಿನ ಪಾಕ ಏರಿಬಿಟ್ಟಿರುತ್ತದೆ. ಹಾಳಾಗುವ ಉಂಡೆಗಳಲ್ಲಿ ಬಹುಪಾಲು ಹಾಳಾಗುವುದು ಈ ಅರೆನಿಮಿಷದಲ್ಲೇ.

ತೊಟ್ಟು ನೀರಿನಲ್ಲಿ ಹರಡಿ ಕರಗಿದರೆ ಇನ್ನೂ ಬೇಕು. ತಳದಲ್ಲಿ ಕೂತು, ಬೆರಳಿನಿಂದ ಗುಡ್ಡೆ ಮಾಡಿದರೆ ಮೆತ್ತಗೆ ಉಂಡೆಯಾಗಿ ಬಂದರೆ ಮೆತ್ತನೆ ಉಂಡೆ ಪಾಕ. ನಮ್ಮ ಕಜ್ಜಾಯಕ್ಕೆ ಇದು ಬೇಕು. (ಇಲ್ಲಿಯ ಅನಾರಸೆಗೆ ಪಾಕವೇ ಇಲ್ಲ, ಒದ್ದೆ ಅಕ್ಕಿಹಿಟ್ಟಿಗೆ ಬೆಲ್ಲವನ್ನು ಹಾಗೇ ಕಲಸಿಡುತ್ತಾರೆ. ನೋಡಲು ಎರಡೂ ಒಂದೇ, ಹದ ಕೇಳಿದರೆ ಜಗಳ.) ನೀರಿನಲ್ಲಿ ಮಾಡಿದ ಉಂಡೆ ಆಕಾರ ಬಿಡದೆ ನಿಂತು, ಒತ್ತಿದರೆ ಮಾತ್ರ ತಗ್ಗಿದರೆ ಎಳ್ಳುಂಡೆಯ ಹದ. ತಟ್ಟೆಗೆ ಎಸೆದಾಗ ಟಣ್ ಅಂದು, ಬಗ್ಗಿಸಿದರೆ ಪಟ್ಟನೆ ಮುರಿದರೆ ಚಿಕ್ಕಿ ಪಾಕ. ಸಕ್ಕರೆಯಲ್ಲಾದರೆ ಇದು 146 ಡಿಗ್ರಿ ದಾಟಿದ ಮೇಲೆ. ಬೆಲ್ಲಕ್ಕೆ ಥರ್ಮಾಮೀಟರ್ ನೆಚ್ಚಬೇಡಿ, ಅಚ್ಚಿನಿಂದ ಅಚ್ಚಿಗೆ ಗುಣ ಬೇರೆ. ಪ್ರತಿ ಸಲ ನೋಡುವಾಗ ಬಟ್ಟಲಿನ ನೀರು ಬದಲಿಸಿ.

ಪಾಕ ಏರಿಬಿಟ್ಟಿತಾ? ಸುಟ್ಟ ವಾಸನೆ ಬಂದಿಲ್ಲ ಅಂದರೆ ಒಂದೆರಡು ಚಮಚ ಬಿಸಿನೀರು ಹಾಕಿ, ಕರಗಿಸಿ, ಮತ್ತೆ ಹದಕ್ಕೆ ತನ್ನಿ. ಸಿಡಿಯುತ್ತದೆ, ಸ್ವಲ್ಪ ದೂರ ನಿಲ್ಲಿ. ಎಳ್ಳು ಹಾಕುವ ಮೊದಲಾದರೆ ಮಾತ್ರ ಈ ಉಪಾಯ.

ಉಳಿದದ್ದು ಸುಲಭ. ಹುರಿದ ಎಳ್ಳು ಮೊದಲೇ ಪಕ್ಕದಲ್ಲಿರಲಿ. ಹಾಕಿ, ಕಲಸಿ, ಅಂಗೈಗೆ ತುಪ್ಪ ಸವರಿ ಬಿಸಿಬಿಸಿಯಲ್ಲೇ ಕಟ್ಟಿ. ಕೈಗೆ ನೀರು ಹಚ್ಚಿಕೊಳ್ಳುವವರೂ ಇದ್ದಾರೆ, ನನಗೆ ಅದು ಸೇರದು. ನಡುವೆ ಗಟ್ಟಿಯಾದರೆ ಬಾಣಲೆಯನ್ನು ಸಣ್ಣ ಉರಿಯಲ್ಲಿ ಒಂದು ಗಳಿಗೆ ಇಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡಿ. ಮುಂಬಯಿಯ ಗಾಳಿಗೆ ತೆರೆದಿಟ್ಟ ಚಿಕ್ಕಿ ಸಂಜೆಯೊಳಗೆ ಅಂಟಂಟಾಗುತ್ತದೆ.