ಹಳೇ ನೆಗೆಟಿವ್ ಸ್ಕ್ಯಾನ್: ಧೂಳು, ಗೀರು ತೆಗೆಯುವುದು ಹೇಗೆ?

ಸ್ಕ್ಯಾನ್ ಮಾಡುವ ಮುಂಚೆಯೇ ಧೂಳು ಕೊಡವಿ. ರಬ್ಬರ್ ಬ್ಲೋವರ್ ಸಾಕು. ಬಾಯಿಂದ ಊದಬೇಡಿ, ಎಂಜಲು ಸಿಡಿದರೆ ಕಲೆ ಉಳಿಯುತ್ತದೆ. ಪಂಚೆ ತುದಿಯಿಂದ ಒರೆಸೋದಂತೂ ಬೇಡವೇ ಬೇಡ. ಸ್ಕ್ಯಾನರ್ ಗಾಜನ್ನೂ ನೋಡಿ, ಎಷ್ಟೋ ಸಲ ಕಸ ಅಲ್ಲೇ ಇರುತ್ತದೆ.

ಕಲರ್ ನೆಗೆಟಿವ್ ಆದರೆ ಸ್ಕ್ಯಾನರ್‌ನಲ್ಲಿ ಧೂಳು, ಗೀರನ್ನು ತಾನೇ ಗುರುತಿಸಿ ಅಳಿಸುವ 'ಡಿಜಿಟಲ್ ಐಸ್' ಸೌಲಭ್ಯ ಇದೆಯಾ ನೋಡಿ, ಆನ್ ಮಾಡಿ. ಅದು ಬಳಸುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಫಿಲ್ಮಿನ ಬಣ್ಣವನ್ನು ದಾಟಿ ಹೋಗುತ್ತದೆ, ಧೂಳನ್ನು ದಾಟಲಾರದು. ಹೀಗೆ ಧೂಳು ಎಲ್ಲಿದೆ ಅಂತ ಸಿಕ್ಕಿಬೀಳುತ್ತದೆ. ಆದರೆ ನಮ್ಮಪ್ಪ ತೆಗೆದದ್ದೆಲ್ಲ ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಬ್ರ್ಯಾಂಡಿನ ಕಪ್ಪು-ಬಿಳುಪು ಫಿಲ್ಮ್. ಅದರಲ್ಲಿರುವುದು ಬೆಳ್ಳಿ, ಅದೂ ಇನ್‌ಫ್ರಾರೆಡ್ ತಡೆಯುತ್ತದೆ. ಐಸ್ ಹಾಕಿದರೆ ಅಜ್ಜಿಯ ಸೀರೆ ಅಂಚನ್ನೇ ಕಸ ಅಂತ ಅಳಿಸಲು ಹೋಗುತ್ತದೆ! ಆಫ್ ಮಾಡಿ, ಕೈಯಲ್ಲೇ ಮಾಡಬೇಕು.

ನಾನು ಬಳಸುವುದು ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್, ಉಚಿತ. ಮೂಲ ಫೈಲ್ ಮುಟ್ಟದೆ ಕಾಪಿ ತೆರೆಯಿರಿ. ಝೂಮ್ 100% ಇಡಿ. ಸುತ್ತಲಿನ ಛಾಯೆಗೆ ಬೆರೆಸಿ ಕಲೆ ಮುಚ್ಚುವ ಹೀಲ್ ಟೂಲ್‌ಗೆ ಎಚ್ ಒತ್ತಿ, ಬ್ರಶ್ ಚುಕ್ಕೆಗಿಂತ ಚೂರು ದೊಡ್ಡದಿರಲಿ. ಪಕ್ಕದ ಚೊಕ್ಕ ಜಾಗದಲ್ಲಿ ಕಂಟ್ರೋಲ್ ಒತ್ತಿ ಕ್ಲಿಕ್ಕಿಸಿ, ಆಮೇಲೆ ಚುಕ್ಕೆ ಮೇಲೆ. ಉದ್ದ ಗೀರನ್ನು ಒಂದೇ ಎಳೆತಕ್ಕೆ ಒರೆಸಬೇಡಿ, ತುಂಡು ತುಂಡಾಗಿ ಮಾಡಿ. ಗೀರು ಕೆನ್ನೆ ಅಂಚು ದಾಟುವ ಕಡೆ ಹೀಲ್ ಮಸಿ ಮೆತ್ತಿದಂತೆ ಮಾಡುತ್ತದೆ, ಅಲ್ಲಿ ಪಕ್ಕದ ಜಾಗವನ್ನು ಹಾಗೇ ನಕಲಿಸುವ ಕ್ಲೋನ್ ಟೂಲ್ ವಾಸಿ.

ಇಡೀ ಫೋಟೋಗೆ ಫಿಲ್ಟರ್ ಹಾಕೋದು ನನಗೆ ಹಿಡಿಸದು. ಧೂಳಿನ ಜೊತೆ ಫಿಲ್ಮಿನ ಗ್ರೇನ್, ಅಂದರೆ ಅದರ ಸಹಜ ತರಿತರಿಯೂ ಹೋಗಿಬಿಡುತ್ತದೆ. ಮೊದಲು ಮುಖ, ಆಮೇಲೆ ಆಕಾಶ. ಮರದ ಎಲೆಗಳ ಮಧ್ಯದ ಚುಕ್ಕೆ ಯಾರಿಗೂ ಕಾಣಿಸಲ್ಲ, ಸುಮ್ನೆ ಬಿಟ್ಟುಬಿಡಿ.