ಬೆನ್ನುಹುರಿಯನ್ನು ಒತ್ತುವ ಗಡ್ಡೆ: ಆಪರೇಷನ್ ಬೇಕೋ ಬೇಡವೋ ಎಂದು ನಾನು ತೀರ್ಮಾನಿಸುವ ಬಗೆ

ಬೇರೆಲ್ಲೋ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಬೆನ್ನುಹುರಿಯನ್ನು ಒತ್ತತೊಡಗಿದಾಗ ಎಲ್ಲರ ಕಣ್ಣು ಹೋಗುವುದು ಎಂಆರ್‌ಐ ಮೇಲೆ. ನಾನು ಮೊದಲು ನೋಡುವುದು ಕಾಲನ್ನು. ಚಿತ್ರ ಎಷ್ಟೇ ಗಾಬರಿ ಹುಟ್ಟಿಸಿದರೂ, ಗಟ್ಟಿಯಾಗಿ ನಡೆಯುತ್ತಿರುವವರಿಗೆ ಒಂದೆರಡು ದಿನ ಕೂತು ಯೋಚಿಸಲು ಅವಕಾಶವಿರುತ್ತದೆ. ನಿನ್ನೆ ನಡೆದವರು ಇಂದು ನಿಲ್ಲಲಾರದಂತಾದರೆ ಆ ಅವಕಾಶ ಇಲ್ಲ. ಚಿಕಿತ್ಸೆಗೆ ಬರುವಾಗ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ. ಎರಡೂ ಕಾಲು ಪೂರ್ತಿ ಬಿದ್ದು ಎರಡು ದಿನ ದಾಟಿದ್ದರೆ ನಡಿಗೆ ಮರಳುವುದು ಅಪರೂಪ.

ಹಾಗಾಗಿ ಮನೆಯವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ‘ಯಾರ ಆಸರೆಯೂ ಇಲ್ಲದೆ ಅವರೇ ಟಾಯ್ಲೆಟ್‌ಗೆ ಹೋಗಿ ಬಂದದ್ದು ಕೊನೆಗೆ ಯಾವಾಗ?’ ‘ಕಾಲಲ್ಲಿ ಶಕ್ತಿ ಇದೆಯಾ’ ಎಂದು ಕೇಳಿದರೆ ‘ಸ್ವಲ್ಪ ಸುಸ್ತು’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಆಮೇಲೆ ಪರೀಕ್ಷೆ. ಮಂಡಿ ಮಡಿಸದೆ ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಲು ಹೇಳುತ್ತೇನೆ. ನನ್ನ ಕೈಯ ಒತ್ತಡವನ್ನು ಸ್ವಲ್ಪ ಮಟ್ಟಿಗೆ ತಡೆದರೆ 5ಕ್ಕೆ 4, ಬರೀ ಎತ್ತಲು ಆದರೆ 3, ಹಾಸಿಗೆಯ ಮೇಲೆ ಸರಿಸಲಷ್ಟೇ ಆದರೆ 2. ಈ ಅಂಕಿಯನ್ನು ಗಂಟೆಯ ಸಮೇತ ಬರೆದಿಡಬೇಕು. ನಾಲ್ಕು ತಾಸಿನ ನಂತರ ನೋಡುವವರಿಗೆ ಇಳಿಕೆ ಗೊತ್ತಾಗುವುದು ಅದರಿಂದಲೇ. ಪಿನ್ನಿನಿಂದ ಪಾದದಿಂದ ಮೇಲಕ್ಕೆ ಚುಚ್ಚುತ್ತಾ ಬಂದು, ಎಲ್ಲಿ ಚುರುಕಾಗಿ ತಿಳಿಯುತ್ತದೆಯೋ ಅಲ್ಲಿ ಗುರುತು ಹಾಕುತ್ತೇನೆ. ಹೊಕ್ಕುಳ ಎಂದರೆ ಎದೆಭಾಗದ ಹತ್ತನೆಯ ನರ, ಮೊಲೆತೊಟ್ಟು ಎಂದರೆ ನಾಲ್ಕನೆಯದು. ಮೂತ್ರ ಮಾಡಿ ಬಂದ ಮೇಲೆ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿಸುತ್ತೇನೆ. 200 ಮಿ.ಲೀ. ಮೀರಿದ್ದರೆ ಬೆನ್ನುಹುರಿಯ ಮೇಲೆ ಅನುಮಾನ ಬಲವಾಗುತ್ತದೆ, ಆದರೆ ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಕೂಡ ಇದನ್ನೇ ಮಾಡುತ್ತದೆ.

ಮತ್ತೆ ಮತ್ತೆ ಆಗುವ ತಪ್ಪೊಂದಿದೆ: ಕಾಲಿನ ತೊಂದರೆ ಎಂದು ಸೊಂಟದ ಭಾಗಕ್ಕೆ ಮಾತ್ರ ಎಂಆರ್‌ಐ ಮಾಡಿಸುವುದು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ, ಗಡ್ಡೆ ಹೆಚ್ಚಾಗಿ ಕೂರುವುದು ಎದೆಯ ಹಿಂಭಾಗದಲ್ಲಿ. ಪಿನ್ನಿನಿಂದ ಗುರುತಿಸಿದ ಮರಗಟ್ಟುವಿಕೆಯ ಗೆರೆ ಗಡ್ಡೆಗಿಂತ ಹಲವು ಹಂತ ಕೆಳಗೂ ಇರಬಹುದು. ಒಂದಕ್ಕಿಂತ ಹೆಚ್ಚು ಕಡೆ ಒತ್ತಿರುವುದೂ ಸಾಮಾನ್ಯ. ಕುತ್ತಿಗೆಯಿಂದ ಬಾಲಮೂಳೆಯವರೆಗೆ ಇಡೀ ಬೆನ್ನನ್ನು ತೆಗೆಸದೆ ನಾನು ತೀರ್ಮಾನದ ಮಾತೇ ಎತ್ತುವುದಿಲ್ಲ.

ಕಾಲು ಸೋತಿದ್ದರೆ ಹುರಿಯ ಊತ ಇಳಿಸುವ ಸ್ಟೀರಾಯ್ಡ್ ಔಷಧಿ ಡೆಕ್ಸಾಮೆಥಾಸೋನ್ ಶುರುವಾಗುತ್ತದೆ: ಮೊದಲು 10ರಿಂದ 16 ಮಿ.ಗ್ರಾಂ., ನಂತರ ದಿನಕ್ಕೆ 16 ಮಿ.ಗ್ರಾಂ. ಭಾಗ ಮಾಡಿ. ಹಿಂದೆ 100 ಮಿ.ಗ್ರಾಂ.ವರೆಗೂ ಕೊಡುತ್ತಿದ್ದರು. ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವ, ಕರುಳು ತೂತಾಗುವುದು, ಸೋಂಕು ಹೆಚ್ಚಿದವೇ ಹೊರತು ಕಾಲಿಗೆ ಹೆಚ್ಚಿನ ಲಾಭವಾದದ್ದು ಕಾಣಲಿಲ್ಲ. ಜೊತೆಗೆ ಹೊಟ್ಟೆಯ ಆಮ್ಲಕ್ಕೆ ಮಾತ್ರೆ, ದಿನವೂ ಸಕ್ಕರೆ ಪರೀಕ್ಷೆ. ಇದಕ್ಕೊಂದು ಅಪವಾದವಿದೆ. ಕ್ಯಾನ್ಸರ್ ಯಾವುದೆಂದೇ ಗೊತ್ತಿಲ್ಲದೆ, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇರಬಹುದೆಂಬ ಅನುಮಾನವಿದ್ದು, ಕಾಲಿನ ಬಲ ಇಳಿಯದೆ ನಿಂತಿದ್ದರೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಮುಗಿಯುವವರೆಗೆ ಸ್ಟೀರಾಯ್ಡ್ ತಡೆಹಿಡಿಯುತ್ತೇನೆ. ಸ್ಟೀರಾಯ್ಡ್‌ಗೆ ಲಿಂಫೋಮಾ ಕರಗಿಬಿಟ್ಟರೆ ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗಬಹುದು.

ಇಲ್ಲಿಂದ ಮುಂದೆ ಗಡ್ಡೆಯ ಜಾತಿ ಮುಖ್ಯ. ಲಿಂಫೋಮಾ, ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್), ವೃಷಣದ ಜರ್ಮ್ ಸೆಲ್ ಗಡ್ಡೆಗಳು ರೇಡಿಯೇಷನ್‌ಗೆ ಬೇಗ ಕರಗುತ್ತವೆ. ಮೂಳೆ ಗಟ್ಟಿಯಿದ್ದರೆ ಹುರಿ ಜೋರಾಗಿ ಒತ್ತಿದ್ದರೂ ಇವಕ್ಕೆ ಚಾಕು ಬೇಡ. ಮೂತ್ರಪಿಂಡದ ಕ್ಯಾನ್ಸರ್, ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್), ಸಾರ್ಕೋಮಾ (ಮೂಳೆ, ಸ್ನಾಯುಗಳಂಥ ಅಂಗಾಂಶದ ಕ್ಯಾನ್ಸರ್) ಸಾಮಾನ್ಯ ರೇಡಿಯೇಷನ್‌ಗೆ ಸುಲಭವಾಗಿ ಬಗ್ಗುವುದಿಲ್ಲ.

ಮೂಳೆ ಗಟ್ಟಿಯಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಇದನ್ನು ಹೆಚ್ಚಾಗಿ ಮರೆಯುತ್ತಾರೆ. ರಾತ್ರಿ ಮಲಗಿದಾಗ ಹೆಚ್ಚುವ ನೋವು ಗಡ್ಡೆಯದು. ಎದ್ದು ಕೂರುವಾಗ, ಮಗ್ಗುಲು ಬದಲಿಸುವಾಗ ಜೀವ ಹೋಗುವಂಥ ನೋವು ಬಂದು, ಮಲಗಿದರೆ ಇಳಿದರೆ ಅದು ಕುಸಿಯುತ್ತಿರುವ ಮೂಳೆಯದು. ಬೆನ್ನುಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಸಿನ್ಸ್ (SINS) ಎಂಬ ಅಂಕಪಟ್ಟಿಯಲ್ಲಿ ಗಡ್ಡೆಯ ಜಾಗ, ನೋವಿನ ಬಗೆ, ಮೂಳೆ ಸವೆದ ರೀತಿ, ಬೆನ್ನಿನ ಸಾಲು, ಕುಸಿತ, ಹಿಂಬದಿಯ ಭಾಗ ಎಂಬ ಆರು ಅಂಶಗಳಿಗೆ ಒಟ್ಟು 18 ಅಂಕ. 6ರವರೆಗೆ ಗಟ್ಟಿ, 13 ಮತ್ತು ಮೇಲೆ ಅಸ್ಥಿರ, ನಡುವಿನವರಿಗೆ ಶಸ್ತ್ರಚಿಕಿತ್ಸಕರ ಅಭಿಪ್ರಾಯ ಬೇಕು. ಮುರಿದ ಮೂಳೆಯನ್ನು ರೇಡಿಯೇಷನ್ ಎತ್ತಿ ನಿಲ್ಲಿಸುವುದಿಲ್ಲ. ಅಂಥವರಿಗೆ ಸ್ಕ್ರೂ, ರಾಡ್ ಬೇಕು, ಇಲ್ಲವೇ ಕುಸಿದ ಮೂಳೆಯೊಳಗೆ ಸಿಮೆಂಟ್.

ಹುರಿ ಒತ್ತಿ, ಕಾಲು ಇಳಿಯುತ್ತಿದ್ದು, ಗಡ್ಡೆ ರೇಡಿಯೇಷನ್‌ಗೆ ಬೇಗ ಕರಗುವ ಜಾತಿಯದಲ್ಲದಿದ್ದರೆ ಮೊದಲು ಆಪರೇಷನ್, ಆಮೇಲೆ ರೇಡಿಯೇಷನ್. 2005ರಲ್ಲಿ ಪ್ಯಾಚೆಲ್ ಮತ್ತು ಸಂಗಡಿಗರು ಪ್ರಕಟಿಸಿದ 101 ರೋಗಿಗಳ ಅಧ್ಯಯನದಲ್ಲಿ, ಎರಡೂ ಆದವರಲ್ಲಿ ಶೇ. 84 ಮಂದಿ ನಡೆದರು, ರೇಡಿಯೇಷನ್ ಮಾತ್ರ ಆದವರಲ್ಲಿ ಶೇ. 57. ಆದರೆ ಅಲ್ಲಿ ಆರಿಸಿಕೊಂಡದ್ದು ಕನಿಷ್ಠ ಮೂರು ತಿಂಗಳು ಬದುಕುವ ನಿರೀಕ್ಷೆಯಿದ್ದ, ಒಂದೇ ಕಡೆ ಒತ್ತಿದ್ದ, ಪೂರ್ತಿ ಲಕ್ವವಾಗಿ 48 ಗಂಟೆ ದಾಟಿರದ ರೋಗಿಗಳನ್ನು. ಆ ಷರತ್ತು ಬಿಟ್ಟು ಅಂಕಿಯನ್ನಷ್ಟೇ ಮನೆಯವರಿಗೆ ಹೇಳುವುದು ಸರಿಯಲ್ಲ.

ಬರೀ ಹಿಂಬದಿಯ ಕಮಾನನ್ನು ತೆಗೆದು ಮುಗಿಸುವ ಹಳೆಯ ಲ್ಯಾಮಿನೆಕ್ಟಮಿ ಇಲ್ಲಿ ಕೆಟ್ಟ ಆಯ್ಕೆ. ಗಡ್ಡೆ ಇರುವುದು ಮುಂದೆ, ನಾವು ತೆಗೆಯುವುದು ಉಳಿದಿದ್ದ ಒಂದೇ ಗಟ್ಟಿ ಭಾಗವನ್ನು. ನಾನು ಗಡ್ಡೆಯ ಮೇಲೆ ಎರಡು, ಕೆಳಗೆ ಎರಡು ಮೂಳೆಗಳಿಗೆ ಸ್ಕ್ರೂ ಹಾಕುತ್ತೇನೆ. ಎಷ್ಟನೆಯ ಮೂಳೆ ಎಂದು ಎಕ್ಸ್‌ರೇಯಲ್ಲಿ ಎಣಿಸಿ ನೋಡುವುದು ಕಡ್ಡಾಯ, ಎದೆಭಾಗದಲ್ಲಿ ಎಣಿಕೆ ಸುಲಭವಾಗಿ ತಪ್ಪುತ್ತದೆ. ಒಂದು ಬದಿಯಲ್ಲಿ ತಾತ್ಕಾಲಿಕ ರಾಡ್ ಬಿಗಿದೇ ಇನ್ನೊಂದು ಬದಿಯ ಗಡ್ಡೆಗೆ ಕೈ ಹಾಕಬೇಕು, ಇಲ್ಲದಿದ್ದರೆ ಬೆನ್ನುಮೂಳೆ ಮೇಜಿನ ಮೇಲೆಯೇ ಜರುಗಿ ಹುರಿ ಸಿಕ್ಕಿಕೊಳ್ಳಬಹುದು. ಹುರಿಯನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಗಡ್ಡೆಯನ್ನು ಮುಂದಕ್ಕೆ, ಖಾಲಿ ಮಾಡಿದ ಮೂಳೆಯೊಳಕ್ಕೆ ತಳ್ಳಿ ತೆಗೆಯುತ್ತೇನೆ. ಪೂರ್ತಿ ಗಡ್ಡೆ ತೆಗೆಯುವ ಹಟ ಬೇಡ. ಹುರಿಯ ಸುತ್ತ 2–3 ಮಿ.ಮೀ. ಜಾಗ ಬಿಡಿಸಿದರೆ ಉಳಿದದ್ದನ್ನು ನಿಖರವಾದ ಸ್ಟೀರಿಯೋಟ್ಯಾಕ್ಟಿಕ್ ರೇಡಿಯೇಷನ್ ನೋಡಿಕೊಳ್ಳುತ್ತದೆ. ಸರಾಸರಿ ರಕ್ತದೊತ್ತಡ 85 ಮಿ.ಮೀ. ಪಾದರಸದ ಆಸುಪಾಸಿನಲ್ಲಿರಲಿ ಎಂದು ಅರಿವಳಿಕೆಯವರಿಗೆ ಮೊದಲೇ ಹೇಳಿರುತ್ತೇನೆ. ಮೂತ್ರಪಿಂಡದ ಕ್ಯಾನ್ಸರ್ ಆದರೆ ಒಂದೆರಡು ದಿನ ಮುಂಚೆ ಅದರ ರಕ್ತನಾಳ ಮುಚ್ಚಿಸಿಯೇ ಒಳಗೆ ಹೋಗಬೇಕು, ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ. ಕಾಲು ಗಂಟೆಗಂಟೆಗೂ ಬೀಳುತ್ತಿದ್ದರೆ ಅದಕ್ಕೂ ಕಾಯಲಾಗದು. ಆಗ ಹೆಚ್ಚು ರಕ್ತದ ಚೀಲ ತಯಾರಿಟ್ಟು ಮುಂದುವರಿಯುವುದೇ.

ಹೊಲಿಗೆ ಮಾಯಲು ಸಾಮಾನ್ಯವಾಗಿ ಎರಡು ವಾರವಾದರೂ ಬಿಟ್ಟು ರೇಡಿಯೇಷನ್. ಮೊದಲೇ ರೇಡಿಯೇಷನ್ ಆದ ಚರ್ಮದಲ್ಲಿ ಗಾಯ ಬಿಟ್ಟುಕೊಳ್ಳುವುದು, ಕೀವಾಗುವುದು ಹೆಚ್ಚು. ಅಲ್ಲಿ ಆರಂಭದಲ್ಲೇ ಪ್ಲಾಸ್ಟಿಕ್ ಸರ್ಜರಿಯವರನ್ನು ಕರೆಯುತ್ತೇನೆ.

ದಿನಗಳು ಕೆಲವೇ ಉಳಿದಿರುವವರಿಗೆ, ಕಾಲು ಬಿದ್ದು ಬಹಳ ಹೊತ್ತಾದವರಿಗೆ ಆಪರೇಷನ್ ಬೇಡ ಎಂದು ನೇರವಾಗಿ ಹೇಳುತ್ತೇನೆ. ಇರುವ ದಿನಗಳನ್ನು ಆಸ್ಪತ್ರೆಯಲ್ಲೇ ಕಳೆಯುವಂತೆ ಮಾಡುವ ಹಕ್ಕು ನಮಗಿಲ್ಲ. ನೋವಿಗೆ 8 ಗ್ರೇ (ರೇಡಿಯೇಷನ್ ಅಳೆಯುವ ಮಾನ) ರೇಡಿಯೇಷನ್ ಒಂದೇ ಸಲಕ್ಕೆ ಕೊಟ್ಟರೆ ಹೆಚ್ಚಿನವರಿಗೆ ಸಾಕಾಗುತ್ತದೆ. ಮೂತ್ರಕ್ಕೆ ನಳಿಕೆ, ಮಲಬದ್ಧತೆಗೆ ಔಷಧಿ, ಎರಡು ತಾಸಿಗೊಮ್ಮೆ ಬೆನ್ನು ತಿರುಚದೆ ಇಡೀ ದೇಹವನ್ನು ಒಟ್ಟಿಗೆ ಮಗ್ಗುಲು ಬದಲಿಸುವುದು. ಇದನ್ನು ಬರೆದುಕೊಟ್ಟರೆ ಸಾಲದು, ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ಕಳಿಸಬೇಕು. ಸ್ಟೀರಾಯ್ಡ್ ಇಳಿಸುವ ದಿನಾಂಕಗಳನ್ನೂ ಚೀಟಿಯಲ್ಲಿ ಬರೆದುಕೊಡುತ್ತೇನೆ. ಅದನ್ನು ಬರೆಯದೆ ಕಳಿಸಿದರೆ ಮಾತ್ರೆ ತಿಂಗಳುಗಟ್ಟಲೆ ನಡೆದು ತೊಡೆಯ ಸ್ನಾಯು ಕರಗಿ ಕಾಲು ಸೋಲುತ್ತದೆ, ಗಡ್ಡೆ ಮತ್ತೆ ಒತ್ತುತ್ತಿದೆಯೇನೋ ಎಂದು ಎಲ್ಲರೂ ಗಾಬರಿಯಾಗುತ್ತಾರೆ.