ಮೆಮೊರಿ ಏರುತ್ತಿದೆಯಾ? ಸೋರಿಕೆ ಎನ್ನುವ ಮೊದಲು ಗೋದಾಮು ನೋಡಿ

ತೊಗರಿ ಸೀಸನ್‌ನಲ್ಲಿ ಕಲಬುರಗಿಯ ಗಂಜ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎರಡು ಸೀಸನ್ ಹಿಂದೆ, ಸರಿಯಾಗಿ ಸಂಜೆ ಐದರ ಹೊತ್ತಿಗೆ ನನಗೆ ಫೋನ್ ಬರುತ್ತಿತ್ತು. “ಸಾಹೇಬ್ರ, ನಿಮ್ ಸರ್ವರ್ ಮತ್ತ ಬಂದ್ ಬಿದ್ದದ ನೋಡ್ರಿ. ರೈತರು ಪಟ್ಟಿ ಕೇಳ್ಲಾಕತ್ತಾರ.” ಅಡತ್ ಅಂಗಡಿಯ ಮುನೀಮರ ದನಿ.

ನಲವತ್ತು ಅಂಗಡಿಗಳ ತೂಕದ ಯಂತ್ರಗಳಿಂದ ಲೆಕ್ಕ ತೆಗೆದುಕೊಂಡು ಪಟ್ಟಿ (ರೈತರ ಬಿಲ್) ಮಾಡಿಕೊಡುವ ಪ್ರೋಗ್ರಾಂ ಅದು. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದವನು ನಾನೇ. ಒಂದು ಯಂತ್ರಕ್ಕೆ ಒಂದು ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ಬೇರೆಯಾಗಿ ದುಡಿಯುವ ಒಬ್ಬ ಕೆಲಸಗಾರ. ಕರ್ನಲ್‌ನ ಲಾಗ್ ನೋಡಿದರೆ ‘ಔಟ್ ಆಫ್ ಮೆಮೊರಿ’ ಎಂಬ ಸಾಲು. ಮೆಮೊರಿ ಸಾಲದೆ ಲಿನಕ್ಸೇ ಅದನ್ನು ಕೊಂದಿತ್ತು. ನಾನು ಮೂರು ದಿನ ಸೋರಿಕೆ (ಪ್ರೋಗ್ರಾಂ ತೆಗೆದುಕೊಂಡು ವಾಪಸ್ ಕೊಡಲು ಮರೆತ ಮೆಮೊರಿ) ಹುಡುಕಿದೆ. ಸೋರಿಕೆ ಇರಲೇ ಇಲ್ಲ. ಆ ಮೂರು ದಿನ ನಿಮಗೆ ಉಳಿಯಲಿ ಅಂತ ಹುಡುಕುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. (ಕಮಾಂಡ್‌ಗಳ ಹೆಸರು ಕನ್ನಡ ಅಕ್ಷರದಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಿ.)

ಮೊದಲು ಸರಿಯಾದ ಅಂಕಿ ನೋಡಿ

ಟಾಪ್ ಕಮಾಂಡ್‌ನಲ್ಲಿ ‘ವರ್ಟ್’ ಅಂತ ಒಂದು ಕಾಲಂ ಇರುತ್ತದೆ. ಅದನ್ನು ನೋಡಿ ಹೆದರಬೇಡಿ. ಅದು ಬರೀ ಕಾದಿರಿಸಿದ ವಿಳಾಸಗಳ ಲೆಕ್ಕ. ಒಂದೊಂದು ಥ್ರೆಡ್‌ನ ಸ್ಟ್ಯಾಕ್‌ಗೆ (ಅದರ ಸ್ವಂತ ಕೆಲಸದ ಜಾಗಕ್ಕೆ) ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ ಕಾದಿರಿಸಿರುತ್ತದೆ. ಆದರೆ ಮುಟ್ಟಿದಷ್ಟಕ್ಕೆ ಮಾತ್ರ ನಿಜವಾದ ರ‍್ಯಾಮ್ ಹೋಗುತ್ತದೆ. ನಮಗೆ ಬೇಕಾದದ್ದು ‘ರೆಸ್’ ಕಾಲಂ. ಪ್ರೊಕ್ ಫೋಲ್ಡರಿನಲ್ಲಿ ನಿಮ್ಮ ಪ್ರೋಗ್ರಾಂನ ಸ್ಟೇಟಸ್ ಫೈಲ್ ತೆರೆದರೆ ಅದೇ ಅಂಕಿ ‘ವಿಎಂ-ಆರ್‌ಎಸ್‌ಎಸ್’ ಎಂಬ ಹೆಸರಲ್ಲಿ ಸಿಗುತ್ತದೆ. ಅಲ್ಲೇ ಕೆಳಗೆ ‘ಥ್ರೆಡ್ಸ್’ ಅಂತ ಇನ್ನೊಂದು ಸಾಲು.

ಈ ಎರಡೂ ಅಂಕಿಗಳನ್ನು ನಿಮಿಷಕ್ಕೊಮ್ಮೆ ಒಂದು ಫೈಲಿಗೆ ಬರೆಯುವ ಸಣ್ಣ ಸ್ಕ್ರಿಪ್ಟ್ ಮಾಡಿ. ಹತ್ತು ಸಾಲು ಸಾಕು. ಇದನ್ನು ಮಾಡದೆ ಮುಂದೆ ಹೋಗಬೇಡಿ.

ಏರಿಕೆಯ ಆಕಾರ

ಈಗ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿ. ಸಾವಿರ ತೂಕ ಕಳಿಸಿ, ಹತ್ತು ನಿಮಿಷ ಬಿಡಿ. ಮತ್ತೆ ಸಾವಿರ, ಮತ್ತೆ ಬಿಡಿ. ಮೊದಲ ಸುತ್ತಿನಲ್ಲಿ ಏರಿ ಆಮೇಲೆ ಸಮತಟ್ಟಾದರೆ ಅದು ರೋಗವಲ್ಲ. ಪ್ರೋಗ್ರಾಂ ತನಗೆ ಬೇಕಾದ ಸಾಮಾನು ಜೋಡಿಸಿಕೊಂಡಿದೆ ಅಷ್ಟೇ. ಪ್ರತಿ ಸುತ್ತಿಗೂ ಅಷ್ಟಷ್ಟೇ ಏರುತ್ತಾ ಹೋದರೆ ಸೋರಿಕೆಯ ಅನುಮಾನ ಬಲವಾಗುತ್ತದೆ. ಸುಮ್ನೆ ಬಿಟ್ಟಾಗಲೂ ಏರುತ್ತಿದ್ದರೆ ಹಿನ್ನೆಲೆಯ ಯಾವುದೋ ಥ್ರೆಡ್ ಕೈಯಾಡಿಸುತ್ತಿದೆ. ಜನ ಜಾಸ್ತಿ ಬಂದಾಗ ಏರಿ, ಜನ ಹೋದ ಮೇಲೂ ಕೆಳಗಿಳಿಯದೆ ನಿಲ್ಲುವುದು ನಾಲ್ಕನೆಯ ಬಗೆ. ನನ್ನದು ಅದೇ ಆಗಿತ್ತು. ಆದರೆ ಆಗ ನನಗೆ ಗೊತ್ತಾಗಲಿಲ್ಲ.

ಥ್ರೆಡ್ ಎಣಿಸಿ, ಕ್ಯೂ ಅಳೆಯಿರಿ

ಥ್ರೆಡ್‌ಗಳ ಸಂಖ್ಯೆಯೇ ಏರುತ್ತಿದ್ದರೆ ಉತ್ತರ ಕೈಯಲ್ಲೇ ಇದೆ. ಯಾವುದೋ ಥ್ರೆಡ್ ಕೆಲಸ ಮುಗಿಸದೆ ಎಲ್ಲೋ ಕಾಯುತ್ತಾ ಕೂತಿದೆ. ಸಂಖ್ಯೆ ಏರದಿದ್ದರೂ ಒಂದು ಮೋಸ ಇರುತ್ತದೆ. ಪಿಥ್ರೆಡ್‌ನಲ್ಲಿ ಹುಟ್ಟಿಸಿದ ಥ್ರೆಡ್ಡನ್ನು ‘ಜಾಯಿನ್’ ಮಾಡಬೇಕು (ಮುಗಿಯುವವರೆಗೆ ಕಾಯಬೇಕು), ಇಲ್ಲವೇ ‘ಡಿಟ್ಯಾಚ್’ ಮಾಡಬೇಕು (ಮುಗಿದಾಗ ತಾನೇ ತೆರವಾಗಲು ಬಿಡಬೇಕು). ಎರಡೂ ಮಾಡದಿದ್ದರೆ ಅದು ಮುಗಿದ ಮೇಲೂ ಅದರ ಸ್ಟ್ಯಾಕ್ ಹಾಗೇ ಉಳಿಯುತ್ತದೆ. ಎಣಿಕೆಯಲ್ಲಿ ಕಾಣುವುದಿಲ್ಲ, ಮೆಮೊರಿಯಲ್ಲಿ ಕಾಣುತ್ತದೆ.

ಕ್ಯೂ ಅಂದರೆ, ಒಂದು ಥ್ರೆಡ್ ಲೆಕ್ಕ ತರುತ್ತದೆ, ಇನ್ನೊಂದು ಡೇಟಾಬೇಸಿಗೆ ಬರೆಯುತ್ತದೆ. ಬರೆಯುವವನು ನಿಧಾನವಾದರೆ ನಡುವಿನ ಸಾಲು ಬೆಳೆಯುತ್ತದೆ. ಸೋರಿಕೆ ಹುಡುಕುವ ಸಾಧನಗಳು ಇದನ್ನು ಹಿಡಿಯುವುದಿಲ್ಲ. ಅವುಗಳ ಕಣ್ಣಿಗೆ ಎಲ್ಲವೂ ಸರಿಯಾಗೇ ಇದೆ, ಪ್ರತಿ ತುಂಡಿಗೂ ಯಜಮಾನ ಇದ್ದಾನೆ. ಕ್ಯೂನ ಉದ್ದವನ್ನೂ ಆ ನಿಮಿಷದ ಫೈಲಿಗೆ ಬರೆಯಿರಿ. ಬೆಳೆಯುತ್ತಿದ್ದರೆ ಅದಕ್ಕೊಂದು ಮಿತಿ ಹಾಕಿ. ತುಂಬಿದಾಗ ತರುವವನೇ ಕಾಯಲಿ.

ಈಗ ಸೋರಿಕೆ

ಇದಕ್ಕೆ ಸಾಧನಗಳಿವೆ. ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿದರೆ, ಪ್ರೋಗ್ರಾಂ ನಿಲ್ಲುವಾಗ ಅದು ಸೋರಿಕೆಗಳ ಪಟ್ಟಿ ಕೊಡುತ್ತದೆ. ಯಾವ ಸಾಲಿನಿಂದ ಎಷ್ಟು ಮೆಮೊರಿ ಹೋಯಿತು ಎಂದು ಚಿತ್ರದಲ್ಲಿ ನೋಡಬೇಕಾದರೆ ಹೀಪ್‌ಟ್ರ್ಯಾಕ್ ಚೆನ್ನ. ವ್ಯಾಲ್‌ಗ್ರೈಂಡ್ ಹಳೆಯದು, ನಂಬಿಕಸ್ತ. ಆದರೆ ಅದರಡಿ ಪ್ರೋಗ್ರಾಂ 10ರಿಂದ 50 ಪಟ್ಟು ನಿಧಾನವಾಗುತ್ತದೆ. ಒಂದು ಸಲಕ್ಕೆ ಒಂದೇ ಥ್ರೆಡ್ ಓಡುತ್ತದೆ.

ಅದರಲ್ಲಿ ಇನ್ನೂ ಒಂದು ವಿಷಯ ಇದೆ. ವ್ಯಾಲ್‌ಗ್ರೈಂಡ್ ನಿಮ್ಮ ಮ್ಯಾಲಾಕನ್ನು (ಪ್ರೋಗ್ರಾಂಗೆ ಮೆಮೊರಿ ಹಂಚುವ ಭಾಗವನ್ನು) ತೆಗೆದು ತನ್ನದನ್ನು ಕೂರಿಸುತ್ತದೆ. ತಪ್ಪು ಮ್ಯಾಲಾಕಿನ ಕಡೆಯೇ ಇದ್ದರೆ ಅದರಡಿ ತಪ್ಪು ಮಾಯ! ನನ್ನ ಮೂರು ದಿನ ಹೋದದ್ದು ಇಲ್ಲೇ. “ಸೋರಿಕೆ ಸೊನ್ನೆ” ಅಂತ ಅದು ಹೇಳುತ್ತಿತ್ತು. ಸಂಜೆ ಐದಕ್ಕೆ ಮುನೀಮರು ಬೇರೆ ಹೇಳುತ್ತಿದ್ದರು.

ಗೋದಾಮಿನ ಲೆಕ್ಕ

ನಿಮ್ಮ ಪ್ರೋಗ್ರಾಂ ಮೆಮೊರಿ ಬಿಟ್ಟುಕೊಟ್ಟರೆ ಅದು ಸೀದಾ ಲಿನಕ್ಸಿಗೆ ಹೋಗುವುದಿಲ್ಲ. ನಡುವೆ ಮ್ಯಾಲಾಕ್ ಎಂಬ ದಲಾಲ ಇದ್ದಾನೆ. ಎಲ್ಲ ಥ್ರೆಡ್‌ಗಳೂ ಒಂದೇ ಗೋದಾಮಿನ ಬಾಗಿಲಲ್ಲಿ ನೂಕಾಡಿದರೆ ಕೆಲಸ ನಿಧಾನ, ಅಲ್ವಾ? ಅದಕ್ಕೇ ಗ್ಲಿಬ್‌ಸಿಯ (ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯ) ಮ್ಯಾಲಾಕ್ ಥ್ರೆಡ್‌ಗಳಿಗೆ ಬೇರೆ ಬೇರೆ ಗೋದಾಮು ತೆರೆಯುತ್ತದೆ. ಇವಕ್ಕೆ ‘ಅರೀನಾ’ ಎಂದು ಹೆಸರು. 64 ಬಿಟ್ ಯಂತ್ರದಲ್ಲಿ ಒಂದು ಕೋರ್‌ಗೆ 8ರಂತೆ ಅರೀನಾ ತೆರೆಯಬಹುದು. ನಮ್ಮ ಸರ್ವರ್‌ಗೆ 4 ಕೋರ್. ಅಂದರೆ 32. ಒಂದೊಂದೂ 64 ಎಂಬಿಯ ಜಾಗಗಳನ್ನು ಕಾದಿರಿಸಿಕೊಳ್ಳುತ್ತದೆ.

ಸಂಜೆ ನಲವತ್ತೂ ಅಂಗಡಿಯವರು ಒಟ್ಟಿಗೆ ಪಟ್ಟಿ ಕೇಳುತ್ತಿದ್ದರು. ಎಲ್ಲ ಗೋದಾಮುಗಳೂ ತುಂಬುತ್ತಿದ್ದವು. ಪಟ್ಟಿ ಪ್ರಿಂಟ್ ಆದ ಮೇಲೆ ನನ್ನ ಕೋಡ್ ಎಲ್ಲವನ್ನೂ ಬಿಟ್ಟುಕೊಡುತ್ತಿತ್ತು. ಆದರೆ ಕೊನೆಯಲ್ಲಿ ‘ಕಳೆದ ಪಟ್ಟಿ ಸಂಖ್ಯೆ’ ಎಂಬ ಒಂದು ಸಣ್ಣ ತುಂಡನ್ನು ಇಟ್ಟುಕೊಳ್ಳುತ್ತಿತ್ತು. ಮ್ಯಾಲಾಕ್ ತಾನಾಗಿ ಜಾಗ ವಾಪಸ್ ಕೊಡುವುದು ಬಾಗಿಲ ಕಡೆಯಿಂದ ಮಾತ್ರ. ಬಾಗಿಲಲ್ಲೇ ಒಂದು ಚೀಲ ಕೂತಿದೆ. ಹಿಂದೆಲ್ಲ ಖಾಲಿ. ಆದರೂ ಗೋದಾಮಿನ ಬೀಗದ ಕೈ ಮಾಲೀಕನಿಗೆ ಹೋಗುವಂತಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ಪಿಮ್ಯಾಪ್ ಕಮಾಂಡಿಗೆ ಮೈನಸ್ ಎಕ್ಸ್ ಸೇರಿಸಿ ನೋಡಿ. ಹೆಸರಿಲ್ಲದ, ಸುಮಾರು 64 ಎಂಬಿಯ ತುಂಡುಗಳು ಸಾಲಾಗಿ ಕಂಡರೆ ಅವೇ ಅರೀನಾಗಳು. (ಕೆಲವು ಕಡೆ ಒಂದೊಂದೂ ಎರಡು ತುಂಡಾಗಿ ಕಾಣುತ್ತದೆ. ಕೂಡಿಸಿ ನೋಡಿ.) ಆಮೇಲೆ ಟೆಸ್ಟ್ ಯಂತ್ರದಲ್ಲಿ ಜಿಡಿಬಿ ಎಂಬ ಡಿಬಗ್ಗರಿನಿಂದ ಪ್ರೋಗ್ರಾಂ ಒಳಹೊಕ್ಕು ‘ಮ್ಯಾಲಾಕ್ ಟ್ರಿಮ್’ ಕರೆಯಿರಿ, ಸೊನ್ನೆ ಕೊಟ್ಟು. ಇದು ನಡುವಿನ ಖಾಲಿ ಪುಟಗಳನ್ನೂ ವಾಪಸ್ ಕೊಡಿಸುತ್ತದೆ. ರೆಸ್ ದಢಕ್ಕನೆ ಇಳಿದರೆ ಕಳ್ಳ ಸಿಕ್ಕ ಹಾಗೆ. ಇಳಿಯದಿದ್ದರೆ ಆ ಮೆಮೊರಿ ಬಹುಶಃ ನಿಮ್ಮ ಕೋಡಿನ ಕೈಯಲ್ಲೇ ಇದೆ, ಹಿಂದಿನ ಹಂತಗಳಿಗೆ ವಾಪಸ್ ಹೋಗಿ. ಗ್ರಾಹಕರು ಬಳಸುತ್ತಿರುವ ಸರ್ವರ್‌ನಲ್ಲಿ ಈ ಆಟ ಬೇಡ. ಯಾವುದೋ ಥ್ರೆಡ್ ಮ್ಯಾಲಾಕಿನ ಬೀಗ (ಲಾಕ್) ಹಿಡಿದ ಹೊತ್ತಲ್ಲಿ ಕರೆದರೆ ಪ್ರೋಗ್ರಾಂ ಅಲ್ಲೇ ಸಿಕ್ಕಿಕೊಳ್ಳಬಹುದು.

ಮದ್ದು

‘ಮ್ಯಾಲಾಕ್ ಅರೀನಾ ಮ್ಯಾಕ್ಸ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಎಲ್ಲ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ಅದಕ್ಕೆ 2 ಕೊಟ್ಟು ಪ್ರೋಗ್ರಾಂ ಮತ್ತೆ ಶುರು ಮಾಡಿ. ಕೋಡ್ ಮುಟ್ಟಬೇಕಿಲ್ಲ. 1 ಕೊಡುವ ಆಸೆ ಬರುತ್ತದೆ, ಆದರೆ ಬಾಗಿಲಲ್ಲಿ ನೂಕುನುಗ್ಗಲು ಶುರುವಾಗುತ್ತದೆ. 2017ರ ಗ್ಲಿಬ್‌ಸಿ 2.26ರಿಂದ ಪ್ರತಿ ಥ್ರೆಡ್‌ಗೂ ಒಂದು ಚಿಕ್ಕ ಕೈಚೀಲ (ತನ್ನದೇ ಕ್ಯಾಶ್) ಕೊಟ್ಟಿದ್ದಾರೆ. ಹಾಗಾಗಿ ಸಣ್ಣ ತುಂಡುಗಳಿಗೆ ಅಷ್ಟು ತೊಂದರೆ ಇಲ್ಲ. ಆದರೂ ವೇಗ ಅಳೆದೇ ನಿರ್ಧರಿಸಿ. ಇದೂ ಸಾಲದಿದ್ದರೆ ಜೆಮ್ಯಾಲಾಕ್ ಅಥವಾ ಟಿಸಿಮ್ಯಾಲಾಕ್ ಎಂಬ ಬೇರೆ ದಲಾಲರನ್ನು ಹಾಕಿ ನೋಡಬಹುದು. ‘ಎಲ್‌ಡಿ ಪ್ರಿಲೋಡ್’ ಎಂಬ ವೇರಿಯಬಲ್ ಬಳಸಿದರೆ ಮತ್ತೆ ಕಂಪೈಲ್ ಮಾಡುವುದೂ ಬೇಡ.

ನನ್ನ ಮಟ್ಟಿಗೆ 2 ಸಾಕಾಯಿತು. ಜೊತೆಗೆ ಆ ‘ಕಳೆದ ಪಟ್ಟಿ ಸಂಖ್ಯೆ’ಗೆ ಪ್ರೋಗ್ರಾಂ ಶುರುವಾಗುವಾಗಲೇ ಒಂದು ಜಾಗ ತೆಗೆದಿಟ್ಟೆ. ವೇರಿಯಬಲನ್ನು, ಯಂತ್ರ ಶುರುವಾದಾಗ ಪ್ರೋಗ್ರಾಂ ಓಡಿಸುವ ಸಿಸ್ಟಂ-ಡಿಯ ಸರ್ವಿಸ್ ಫೈಲಿನಲ್ಲೇ ಬರೆದೆ. ಟರ್ಮಿನಲ್‌ನಲ್ಲಿ ಮಾತ್ರ ಕೊಟ್ಟರೆ, ಕರೆಂಟ್ ಹೋಗಿ ಬಂದ ಮೇಲೆ ಮತ್ತೆ 32 ಗೋದಾಮು ತೆರೆದಿರುತ್ತವೆ. ಇದನ್ನು ಕಲಿತದ್ದೂ ಮುನೀಮರ ಇನ್ನೊಂದು ಫೋನಿನಿಂದಲೇ.